ಹೆಸರಿಗೆ ಎರಡನೆಯ ಸಾಕ್ಷಿ: ಇಎಕ್ಸ್‌ಟಿ4 ಡೈರೆಕ್ಟರಿ ದುರಸ್ತಿಯ ಒಂದು ಸಮಸ್ಯೆ

ಲಿನಕ್ಸ್‌ನ ಇಎಕ್ಸ್‌ಟಿ4 ಕಡತ ವ್ಯವಸ್ಥೆಯಲ್ಲಿ ಡೈರೆಕ್ಟರಿ ಎಂದರೆ ಹೆಸರುಗಳ ಪಟ್ಟಿ. ಒಂದೊಂದು ನಮೂದಿನಲ್ಲೂ 4 ಬೈಟ್‌ಗಳ ಐನೋಡ್ (ಕಡತದ ವಿವರಗಳ ದಾಖಲೆ) ಸಂಖ್ಯೆ, 2 ಬೈಟ್‌ಗಳಲ್ಲಿ ನಮೂದಿನ ಉದ್ದ, ತಲಾ 1 ಬೈಟಿನಲ್ಲಿ ಹೆಸರಿನ ಉದ್ದ ಮತ್ತು ಕಡತದ ಬಗೆ, ಕೊನೆಗೆ 255 ಬೈಟ್ ಮೀರದ ಹೆಸರು ಇರುತ್ತವೆ. ಐನೋಡ್ ಬಳಕೆಯಲ್ಲಿದೆಯೇ ಎಂಬುದನ್ನು ಐನೋಡ್ ಕೋಷ್ಟಕ ಹೇಳುತ್ತದೆ. ಕಡತದ ಬಗೆ ಐನೋಡಿನೊಳಗೂ ಬರೆದಿರುತ್ತದೆ. ‘..’ ಎಂಬ ನಮೂದು ಕಳೆದುಹೋದರೆ ಮೇಲಿನ ಡೈರೆಕ್ಟರಿಯನ್ನು ನೋಡಿ ಮತ್ತೆ ಬರೆಯಬಹುದು. ಬಲವಾದದ್ದೋ ದುರ್ಬಲವಾದದ್ದೋ, ಇವಕ್ಕೆಲ್ಲ ಡಿಸ್ಕಿನ ಬೇರೊಂದು ಕಡೆ ಸಾಕ್ಷಿ ಇದೆ. ಹೆಸರಿಗೆ ಮಾತ್ರ ಅಂಥ ನೇರ ಸಾಕ್ಷಿ ಇಲ್ಲ. ದುರಸ್ತಿ ಸಾಧನದ ಪರೀಕ್ಷೆಗಳನ್ನು ಈ ಅಸಮತೆಯ ಬೆಳಕಿನಲ್ಲಿ ನೋಡಬೇಕೆಂಬುದು ಈ ಲೇಖನದ ವಾದ.

1970ರ ದಶಕದ ಕೊನೆಯಲ್ಲಿ ಬೆಲ್ ಲ್ಯಾಬ್ಸ್‌ನ ಟಿ. ಜೆ. ಕೊವಾಲ್‌ಸ್ಕಿ ಯುನಿಕ್ಸ್‌ಗೆ ಬರೆದ ಎಫ್‌ಎಸ್‌ಸಿಕೆಯ ಪರಂಪರೆಗೆ ಸೇರಿದ, ಇಎಕ್ಸ್‌ಟಿ4ರ ದುರಸ್ತಿ ಸಾಧನವಾದ ಇ2ಎಫ್‌ಎಸ್‌ಸಿಕೆ 5 ಸುತ್ತುಗಳಲ್ಲಿ ಕೆಲಸ ಮಾಡುತ್ತದೆ. ಮೊದಲ ಸುತ್ತು ಐನೋಡ್‌ಗಳದು, ಎರಡನೆಯದು ಡೈರೆಕ್ಟರಿ ಬ್ಲಾಕ್‌ಗಳದು. ಎರಡನೆಯ ಸುತ್ತಿನ ನಿಯಮಗಳು ಸರಳ. ನಮೂದಿನ ಉದ್ದ 4ರಿಂದ ಭಾಗವಾಗಬೇಕು, ಹೆಸರು ಅದರೊಳಗೆ ಹಿಡಿಯಬೇಕು, ನಮೂದು ಬ್ಲಾಕಿನ ಅಂಚು ದಾಟಬಾರದು. ‘.’ ಮೊದಲು, ‘..’ ಅದರ ಬೆನ್ನಿಗೆ ಬರಬೇಕು. ಹೆಸರಿನಲ್ಲಿ ಓರೆಗೆರೆಯಾಗಲಿ ಶೂನ್ಯ ಬೈಟಾಗಲಿ ಇರಬಾರದು. ಇವು ಆಕಾರದ ಪರೀಕ್ಷೆಗಳು. ಹೆಸರು ಹೆಸರಿನಂತಿದೆ ಎಂಬುದಷ್ಟೇ ಇವುಗಳಿಂದ ತಿಳಿಯುತ್ತದೆ. ಬಳಕೆದಾರ ಇಟ್ಟ ಹೆಸರು ಅದೇ ಎಂಬುದು ತಿಳಿಯುವುದಿಲ್ಲ.

ಉದ್ದದ ಸಂಖ್ಯೆಯೇ ಕೆಟ್ಟಾಗ ನಮೂದುಗಳ ಸರಪಳಿ ಕಡಿಯುತ್ತದೆ, ಮುಂದಿನ ನಮೂದು ಎಲ್ಲಿ ಶುರುವಾಗುತ್ತದೆಂದು ಗೊತ್ತಾಗುವುದಿಲ್ಲ. ಆಗ ಸಾಧನಕ್ಕಿರುವ ಕೊನೆಯ ದಾರಿ ಬ್ಲಾಕಿನ ಉಳಿದ ಭಾಗವನ್ನೆಲ್ಲ ಹಿಂದಿನ ನಮೂದಿಗೆ ಸೇರಿಸಿಬಿಡುವುದು. ಆಚೆ ಕೆಡದೆ ಉಳಿದ ಹತ್ತಾರು ಹೆಸರುಗಳಿದ್ದರೆ ಅವೂ ಕಣ್ಮರೆಯಾಗುತ್ತವೆ. ಅವುಗಳ ಕಡತಗಳು ಲಾಸ್ಟ್+ಫೌಂಡ್ ಡೈರೆಕ್ಟರಿಯಲ್ಲಿ # ಗುರುತು ಮತ್ತು ಐನೋಡ್ ಸಂಖ್ಯೆ ಹೊತ್ತು ಸಾಲಾಗಿ ಕಾಣಿಸಿಕೊಳ್ಳುತ್ತವೆ. ಒಂದು ಬೈಟ್ ದತ್ತಾಂಶವೂ ನಷ್ಟವಾಗಿರುವುದಿಲ್ಲ. ಆದರೆ ಸಾವಿರ ಸಂಖ್ಯೆಗಳ ನಡುವೆ ತಮ್ಮ ಪ್ರಬಂಧ ಯಾವುದೆಂದು ಹುಡುಕುವವರ ಪಾಲಿಗೆ ಅದು ನಷ್ಟವೇ. ಇದರ ಬದಲು ಬ್ಲಾಕಿನ ಉಳಿದ ಭಾಗವನ್ನು 4 ಬೈಟ್‌ಗಳಿಗೊಮ್ಮೆ ತಡವಿ, ಬಳಕೆಯಲ್ಲಿರುವ ಐನೋಡ್, ಅದರೊಂದಿಗೆ ತಾಳೆಯಾಗುವ ಬಗೆ, ಹೊಂದುವ ಉದ್ದ ಮೂರೂ ಕೂಡಿಬರುವ ಕಡೆ ಸರಪಳಿಯನ್ನು ಮತ್ತೆ ಜೋಡಿಸಬಹುದು. ಇದಕ್ಕೆ ತಗಲುವ ಸಮಯ ಅತ್ಯಲ್ಪ.

ಇನ್ನೂ ಸೂಕ್ಷ್ಮವಾದ ತೊಡಕು ಚೆಕ್‌ಸಮ್‌ನದು. 2012ರ ಲಿನಕ್ಸ್ 3.5ರಿಂದ ಡೈರೆಕ್ಟರಿ ಬ್ಲಾಕಿನ ಬಾಲದಲ್ಲಿ 12 ಬೈಟ್‌ಗಳ ಹುಸಿ ನಮೂದೊಂದನ್ನಿಟ್ಟು, ಅದರಲ್ಲಿ ಸಿಆರ್‌ಸಿ32ಸಿ ಚೆಕ್‌ಸಮ್ ಬರೆಯಲು ಅವಕಾಶವಾಯಿತು. ಕಡತ ವ್ಯವಸ್ಥೆಯ ಗುರುತು, ಐನೋಡ್ ಸಂಖ್ಯೆ ಮತ್ತು ಅದರ ತಲೆಮಾರಿನ ಸಂಖ್ಯೆಯೂ ಲೆಕ್ಕದಲ್ಲಿ ಸೇರುವುದರಿಂದ, ಒಂದು ಡೈರೆಕ್ಟರಿಯ ಬ್ಲಾಕು ತಪ್ಪಿ ಇನ್ನೊಂದರ ಜಾಗದಲ್ಲಿ ಕೂತರೂ ಸಿಕ್ಕಿಬೀಳುತ್ತದೆ. ಈಗ ‘ಗಾಳಿ’ ಎಂಬ ಕಡತವನ್ನು ನೋಡಿ. ಯುಟಿಎಫ್-8ರಲ್ಲಿ ‘ಗ’ದ ಕೊನೆಯ ಬೈಟ್ 151, ‘ಕ’ದ್ದು 149, ಎರಡಕ್ಕೂ ಇರುವ ಅಂತರ ಒಂದೇ ಬಿಟ್. ಆ ಬಿಟ್ ಹೊರಳಿತೆಂದರೆ ‘ಗಾಳಿ’ ‘ಕಾಳಿ’ಯಾಗುತ್ತದೆ. ಆಕಾರದ ಪರೀಕ್ಷೆಗಳೆಲ್ಲ ಪಾಸಾಗಿ ಚೆಕ್‌ಸಮ್ ಒಂದೇ ತಪ್ಪುತ್ತದೆ. ಇಂಥ ಬ್ಲಾಕ್ ಎದುರಾದಾಗ ಇ2ಎಫ್‌ಎಸ್‌ಸಿಕೆ ಚೆಕ್‌ಸಮ್ ಮರುಲೆಕ್ಕಿಸಿ ಬರೆಯಲೇ ಎಂದು ಕೇಳುತ್ತದೆ; ಎಲ್ಲಕ್ಕೂ ‘ಹೌದು’ ಎಂಬ ಆಯ್ಕೆ ಕೊಟ್ಟಿದ್ದರೆ ಕೇಳದೆ ಬರೆಯುತ್ತದೆ. ಆ ಗಳಿಗೆಯಿಂದ ತಪ್ಪು ಹೆಸರಿಗೆ ಸರಿಯಾದ ಮುದ್ರೆ ಬಿದ್ದಂತೆ. ನನ್ನ ದೃಷ್ಟಿಯಲ್ಲಿ ಇದು ದುರಸ್ತಿಯಲ್ಲ, ಇದ್ದೊಂದು ಪುರಾವೆಯನ್ನು ಅಳಿಸುವುದು.

ಆ ಪುರಾವೆಯಿಂದ ಇನ್ನೂ ಕೆಲಸ ತೆಗೆಯಬಹುದು. 4096 ಬೈಟ್‌ಗಳ ಬ್ಲಾಕಿನಲ್ಲಿ ಚೆಕ್‌ಸಮ್ ಕಾಯುವುದು 4084 ಬೈಟ್‌ಗಳನ್ನು, ಅಂದರೆ 32,672 ಬಿಟ್‌ಗಳನ್ನು. ಇಷ್ಟು ಉದ್ದಕ್ಕೆ ಸಿಆರ್‌ಸಿ32ಸಿಯಲ್ಲಿ ಪ್ರತಿಯೊಂದು ಬಿಟ್ಟಿನ ತಪ್ಪೂ ತನ್ನದೇ ಆದ ಗುರುತು ಬಿಡುತ್ತದೆ. ಒಂದೊಂದೇ ಬಿಟ್ಟನ್ನು ಹೊರಳಿಸಿ ನೋಡಿದರೆ ಕೆಟ್ಟದ್ದು ಯಾವುದೆಂದು ಸಿಗುತ್ತದೆ. ಮೂರು ಬಿಟ್‌ಗಳ ತಪ್ಪು ಒಂದರಂತೆ ನಟಿಸುವ ಸಾಧ್ಯತೆ ಇರುವುದರಿಂದ ಈಗಿರುವ ಮತ್ತು ತಿದ್ದಿದ ಎರಡೂ ಹೆಸರುಗಳನ್ನು ತೋರಿಸಿ ಬಳಕೆದಾರರನ್ನು ಕೇಳುವುದು ಸರಿ. ದೊಡ್ಡ ಡೈರೆಕ್ಟರಿಗಳಲ್ಲಿ ಇನ್ನೊಂದು ಆಸರೆಯಿದೆ. ಎಚ್‌ಟ್ರೀ ಸೂಚಿಯು ಹೆಸರುಗಳನ್ನು ಹ್ಯಾಶ್ ಪ್ರಕಾರ ಹಂಚಿ, ಪ್ರತಿ ಎಲೆ ಬ್ಲಾಕಿಗೂ ಒಂದು ಹ್ಯಾಶ್ ವ್ಯಾಪ್ತಿ ಕೊಟ್ಟಿರುತ್ತದೆ. ಕೆಟ್ಟ ಹೆಸರಿನ ಹ್ಯಾಶ್ ಬಹುಪಾಲು ಆ ವ್ಯಾಪ್ತಿಯ ಹೊರಗೆ ಬೀಳುತ್ತದೆ. ಈಗಿನ ಪದ್ಧತಿಯಲ್ಲಿ ಅಂಥ ಹೊಂದಿಕೆ ತಪ್ಪಿದರೆ ಸೂಚಿಯನ್ನೇ ಅಳಿಸಿ ಹೊಸದಾಗಿ ಕಟ್ಟುತ್ತಾರೆ. ಕಟ್ಟುವುದು ಸರಿ, ಆದರೆ ಅಳಿಸುವ ಮುನ್ನ ಅದು ಬೊಟ್ಟುಮಾಡಿದ ಹೆಸರನ್ನು ಬರೆದಿಡಬೇಕು. ಒಂದೇ ಬ್ಲಾಕಿನ ಸಣ್ಣ ಡೈರೆಕ್ಟರಿಗೆ ಸೂಚಿಯಿಲ್ಲ. ಅಲ್ಲಿ ಚೆಕ್‌ಸಮ್ ಒಂದೇ ಗತಿ.

ಕನ್ನಡದ ಹೆಸರುಗಳು ಈ ಪರೀಕ್ಷೆಗಳನ್ನು ಇನ್ನೊಂದು ಬಗೆಯಲ್ಲಿ ಇಕ್ಕಟ್ಟಿಗೆ ದೂಡುತ್ತವೆ. ‘ಕೊಡಗು’ ಎಂಬುದರ ಒಕಾರವನ್ನು ಒಂದೇ ಸಂಕೇತವಾಗಿ ಬರೆದರೆ ಹೆಸರು 15 ಬೈಟ್, ಎಕಾರ ಮತ್ತು ಊಕಾರಗಳ ಚಿಹ್ನೆಗಳಾಗಿ ಒಡೆದರೆ 18. ತೆರೆಯ ಮೇಲೆ ಎರಡೂ ಒಂದೇ. ಸಾಮಾನ್ಯ ಡೈರೆಕ್ಟರಿಯಲ್ಲಿ ಇವು ಎರಡು ಬೇರೆ ಹೆಸರುಗಳು, ಸಾಧನ ಸುಮ್ಮನಿರಬೇಕು. 2019ರ ಲಿನಕ್ಸ್ 5.2ರಲ್ಲಿ ಬಂದ ಅಕ್ಷರಭೇದ ಮರೆಸುವ ಡೈರೆಕ್ಟರಿಯಲ್ಲಿ ಇವು ಒಂದೇ ಹೆಸರು, ಒಟ್ಟಿಗೆ ಕಂಡರೆ ನಕಲು. ನಕಲು ಕಂಡಾಗ ಇ2ಎಫ್‌ಎಸ್‌ಸಿಕೆ ಹೆಸರಿನ ಕೊನೆಗೆ ‘~0’ ಅಂಟಿಸುತ್ತದೆ. ಆದರೆ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. 85 ಸಂಕೇತಗಳ ಹೆಸರು 255 ಬೈಟನ್ನು ಪೂರ್ತಿ ತುಂಬಿರುತ್ತದೆ. ಅಂಥ ಹೆಸರಿನಲ್ಲಿ ‘~0’ಗೆ ಜಾಗ ಮಾಡಲು ಕೊನೆಯ 2 ಬೈಟ್ ಕಿತ್ತರೆ ಕೊನೆಯ ಸಂಕೇತದ ಒಂದು ಚೂರು ಉಳಿದು ಹೆಸರು ಅಸಿಂಧುವಾಗುತ್ತದೆ, ಕೀಳಬೇಕಾದದ್ದು 3 ಬೈಟ್, ಕೊನೆಯಲ್ಲಿ ಹಲಂತ ಚಿಹ್ನೆಯಿಂದ ಕೂಡಿದ ಒತ್ತಕ್ಷರವಿದ್ದರೆ ಆ ಇಡೀ ಅಕ್ಷರ.