ಹೊಸಕೋಟೆ ಹೆದ್ದಾರಿ: ಲೆಕ್ಕ ಕೇಳುವವರು ಯಾರು?

ಬೆಂಗಳೂರಿನಿಂದ ಪೂರ್ವಕ್ಕೆ ಸುಮಾರು 25 ಕಿಲೊಮೀಟರ್ ದೂರದ ಹೊಸಕೋಟೆ ಇಂದು ಮೂರು ದೊಡ್ಡ ರಸ್ತೆಗಳ ಊರು. ಮೊದಲನೆಯದು ಕೋಲಾರ, ಮುಳಬಾಗಿಲಿನ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 75. ಜನರ ಬಾಯಲ್ಲಿ ಇದು ಇನ್ನೂ ‘ಹಳೇ ಮದ್ರಾಸ್ ರಸ್ತೆ’ಯೇ. ಎರಡನೆಯದು ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಮೂಲಕ ಬಂದು ಸರ್ಜಾಪುರ, ಅತ್ತಿಬೆಲೆಯತ್ತ ಸಾಗುವ ಹೆದ್ದಾರಿ 648. ಮೂರನೆಯದು ಇಲ್ಲಿಂದಲೇ ಆರಂಭವಾಗುವ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್ ವೇ.

ಊರೊಳಗಿನ ಬೀದಿಯಲ್ಲಿ ಗುಂಡಿ ಬಿದ್ದರೆ ನಗರಸಭೆಗೆ ಹೋಗಿ ಕೂಗಾಡಬಹುದು. ಹಳ್ಳಿಯ ರಸ್ತೆ ಕೆಟ್ಟರೆ ಪಂಚಾಯಿತಿ ಸದಸ್ಯನನ್ನು ಹಿಡಿಯಬಹುದು. ಜಿಲ್ಲೆಯ ಮುಖ್ಯ ರಸ್ತೆಯಾದರೆ ಲೋಕೋಪಯೋಗಿ ಇಲಾಖೆಯ ಕಚೇರಿ ಇದೆ. ಆದರೆ ಊರಿನ ಅತಿ ದೊಡ್ಡ ರಸ್ತೆಗಳ ವಿಷಯಕ್ಕೆ ಬಂದರೆ ಈ ಮೂವರೂ ಕೈ ಚೆಲ್ಲುತ್ತಾರೆ. ‘ಅದು ನಮ್ಮದಲ್ಲ, ಸೆಂಟ್ರಲ್ ಗವರ್ನಮೆಂಟಿನದು’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಹಾಗಾದರೆ ಆ ರಸ್ತೆಯ ಲೆಕ್ಕ ಕೇಳುವವರು ಯಾರು? ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ರಸ್ತೆಯ ಇತಿಹಾಸವನ್ನೇ ಸ್ವಲ್ಪ ಹಿಂದಕ್ಕೆ ಸರಿದು ನೋಡಬೇಕು.

ಸೇನೆಯ ದಾರಿ, ಸುಂಕದ ಕಟ್ಟೆ

ಸುಗಟೂರು ಪಾಳೆಯಗಾರ ಮನೆತನದ ತಮ್ಮೇಗೌಡ ಕಟ್ಟಿಸಿದ ಹೊಸ ಕೋಟೆಯಿಂದ ಈ ಊರಿಗೆ ಹೆಸರು ಬಂತು. ಮೈಸೂರು ಪ್ರಸ್ಥಭೂಮಿಯಿಂದ ಪೂರ್ವದ ಬಯಲಿಗೆ ಇಳಿಯುವ ಹಾದಿಯಲ್ಲಿದ್ದ ಕಾರಣ ಸೇನೆಗಳು ಇದನ್ನು ಬಿಟ್ಟು ಹೋದದ್ದೇ ಕಡಿಮೆ. 1761ರಲ್ಲಿ ನಿಜಾಮನ ತಮ್ಮ ಬಸಾಲತ್ ಜಂಗ್ ಈ ಕೋಟೆಗೆ ಮುತ್ತಿಗೆ ಹಾಕಿದ್ದ. ಹೈದರಾಲಿಗೆ ಶಿರಾದ ನವಾಬಗಿರಿ ದೊರೆತದ್ದು ಆ ಸಂದರ್ಭದಲ್ಲಿಯೇ. 1768ರ ಆಗಸ್ಟ್‌ನಲ್ಲಿ, ಮೊದಲ ಮೈಸೂರು ಯುದ್ಧದ ಕಾಲದಲ್ಲಿ, ಬ್ರಿಟಿಷರ ಜೊತೆ ಸೇರಿದ್ದ ಮುರಾರಿರಾವ್ ಘೋರ್ಪಡೆಯ ಶಿಬಿರದ ಮೇಲೆ ಹೈದರ್ ರಾತ್ರಿ ದಾಳಿ ನಡೆಸಿದ್ದೂ ಹೊಸಕೋಟೆಯ ಬಳಿ.

ಆ ಕಾಲದಲ್ಲಿ ರಸ್ತೆ ಎಂದರೆ ಸೇನೆ ನಡೆಯುವ ದಾರಿ ಹಾಗೂ ಸುಂಕ ವಸೂಲಿ ಮಾಡುವ ದಾರಿ. ಕರ್ನಾಟಕದಲ್ಲಿ ಇಂದಿಗೂ ಉಳಿದಿರುವ ‘ಸುಂಕದಕಟ್ಟೆ’ ಎಂಬ ಊರ ಹೆಸರುಗಳು ಅದಕ್ಕೆ ಸಾಕ್ಷಿ. ಟೋಲ್ ಎಂಬುದು ಹೆದ್ದಾರಿ ಪ್ರಾಧಿಕಾರ ಕಂಡುಹಿಡಿದದ್ದಲ್ಲ!

1834ರಿಂದ 1861ರವರೆಗೆ ಮೈಸೂರಿನ ಕಮೀಷನರ್ ಆಗಿದ್ದ ಮಾರ್ಕ್ ಕಬ್ಬನ್ ಸಾಗಣೆ ಸುಂಕಗಳಲ್ಲಿ ಹಲವನ್ನು ರದ್ದುಪಡಿಸಿ, ನೂರಾರು ಮೈಲಿ ರಸ್ತೆ ಹಾಕಿಸಿದ. 1856ರಲ್ಲಿ ಸಂಸ್ಥಾನದ ಲೋಕೋಪಯೋಗಿ ಇಲಾಖೆ ಹುಟ್ಟಿತು. ರಸ್ತೆಗೊಬ್ಬ ಎಂಜಿನಿಯರ್, ಖರ್ಚಿಗೊಂದು ಅಂದಾಜುಪಟ್ಟಿ, ಅದರ ಮೇಲೊಬ್ಬ ಮೇಲಧಿಕಾರಿ ಎಂಬ ವ್ಯವಸ್ಥೆ ಬಂದದ್ದು ಆಗ. ಉಸ್ತುವಾರಿ ಇತ್ತು, ಆದರೆ ಅದು ಸರ್ಕಾರದೊಳಗಿನ ಉಸ್ತುವಾರಿ. ಜನ ಕೇಳುವಂತಿರಲಿಲ್ಲ.

ಕೇಳುವ ಅವಕಾಶದ ಮೊದಲ ಬಾಗಿಲು ತೆರೆದದ್ದು 1881ರಲ್ಲಿ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಸ್ಥಾಪನೆಯಾದ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ತಾಲ್ಲೂಕುಗಳಿಂದ ರೈತ, ವರ್ತಕ ಪ್ರಮುಖರು ದಸರಾ ವೇಳೆಗೆ ಮೈಸೂರಿಗೆ ಹೋಗುತ್ತಿದ್ದರು. ದಿವಾನರು ವರ್ಷದ ಆದಾಯ, ಖರ್ಚು, ಕಾಮಗಾರಿಗಳ ವಿವರವನ್ನು ಅವರ ಮುಂದೆ ಇಡುತ್ತಿದ್ದರು. ಪ್ರತಿನಿಧಿಗಳು ತಮ್ಮ ಸೀಮೆಯ ಕೆರೆ, ರಸ್ತೆ, ಶಾಲೆಗಳ ಅಹವಾಲು ಹೇಳುತ್ತಿದ್ದರು. ಸಭೆಗೆ ಕಾನೂನಿನ ಬಲ ಇರಲಿಲ್ಲ, ಅದು ಬಂದದ್ದು 1923ರಲ್ಲಿ. ಆದರೂ ಲೆಕ್ಕ ಒಪ್ಪಿಸುವವರು ಮತ್ತು ಕೇಳುವವರು ಒಂದೇ ಸಭಾಂಗಣದಲ್ಲಿ ಎದುರುಬದುರಾಗಿ ಕೂರುತ್ತಿದ್ದರು ಎಂಬುದು ಸಣ್ಣ ಸಂಗತಿಯಲ್ಲ.

ರೈಲು ಕಲಿಸಿದ ಪಾಠ

ಹೊಸಕೋಟೆ ಪಟ್ಟಣಕ್ಕೆ ರೈಲು ಬರಲಿಲ್ಲ. ಮದ್ರಾಸ್ ರೈಲ್ವೆ ಕಂಪನಿ ಜೋಲಾರ್‌ಪೇಟೆಯಿಂದ ಬೆಂಗಳೂರು ದಂಡಿಗೆ ಹಾಕಿದ ಹಳಿ ಮಾಲೂರಿನ ಮೇಲೆ ಹಾದು, ತಾಲ್ಲೂಕಿನ ದಕ್ಷಿಣದಲ್ಲಿರುವ ದೇವನಗೊಂದಿಯನ್ನು ಮುಟ್ಟಿ ವೈಟ್‌ಫೀಲ್ಡಿನತ್ತ ಹೋಯಿತು. 1864ರಲ್ಲಿ ಬೆಂಗಳೂರಿಗೆ ರೈಲು ಬಂತು. ಹೆದ್ದಾರಿಯ ಕತೆಯಲ್ಲಿ ಈ ಹಳಿಗೇನು ಕೆಲಸ ಎಂದು ಕೇಳಬಹುದು. ಸಾರಿಗೆಯ ಮೇಲೆ ಸರ್ಕಾರ ಹೇಗೆ ಕಣ್ಣಿಡಬೇಕು ಎಂಬ ಪಾಠವನ್ನು ಈ ದೇಶ ಮೊದಲು ಕಲಿತದ್ದು ರೈಲಿನಿಂದಲೇ.

ಆ ಕಾಲದ ಖಾಸಗಿ ರೈಲ್ವೆ ಕಂಪನಿಗಳಿಗೆ ‘ಗ್ಯಾರಂಟಿ’ ಪದ್ಧತಿ ಇತ್ತು. ಹೂಡಿದ ಬಂಡವಾಳಕ್ಕೆ ಶೇ 5ರಷ್ಟು ಪ್ರತಿಫಲ ಬರದಿದ್ದರೆ ಕೊರತೆಯನ್ನು ಸರ್ಕಾರ ತುಂಬಿಕೊಡಬೇಕು. ಆ ಹಣ ಇಲ್ಲಿಯ ರೈತ ಕಟ್ಟಿದ ಕಂದಾಯದಿಂದಲೇ ಹೋಗಬೇಕು. ಲಾಭ ಖಾತರಿಯಾದ ಮೇಲೆ ಖರ್ಚು ಹಿಡಿತದಲ್ಲಿಡಲು ಯಾರಿಗೆ ಅವಸರ? ಕಂಪನಿಗಳ ನಕ್ಷೆ, ಖರ್ಚು ನೋಡಲು ಸರ್ಕಾರ ತನ್ನ ಸಲಹಾ ಎಂಜಿನಿಯರುಗಳನ್ನು ಇಟ್ಟಿತ್ತು. ಹಾಗಿದ್ದೂ ವೆಚ್ಚ ಏರಿ ಈ ಪದ್ಧತಿ ಕಟು ಟೀಕೆಗೆ ಗುರಿಯಾಯಿತು.

ಎರಡನೆಯ ಪಾಠ ಸುರಕ್ಷತೆಯದು. 1905ರಲ್ಲಿ ರೈಲ್ವೆ ಮಂಡಳಿ ಬಂದ ಮೇಲೆ ರೈಲು ಓಡಿಸುವವರೂ, ಅಪಘಾತದ ತನಿಖೆ ಮಾಡುವವರೂ ಒಂದೇ ಆಡಳಿತದ ಕೆಳಗೆ ಸೇರಿದ್ದರು. 1937ರಲ್ಲಿ ಬಿಹಾರದ ಬಿಹ್ತಾದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತ ದುರಂತದ ನಂತರ ಈ ಏರ್ಪಾಡಿನ ಮೇಲೆ ಪ್ರಶ್ನೆ ಎದ್ದಿತು. 1941ರಲ್ಲಿ ತನಿಖಾಧಿಕಾರಿಗಳನ್ನು ರೈಲ್ವೆ ಮಂಡಳಿಯಿಂದ ಬೇರ್ಪಡಿಸಿ ಬೇರೆ ಇಲಾಖೆಗೆ ಒಪ್ಪಿಸಲಾಯಿತು. ಇಂದಿನ ರೈಲ್ವೆ ಸುರಕ್ಷತಾ ಆಯೋಗ ನಾಗರಿಕ ವಿಮಾನಯಾನ ಸಚಿವಾಲಯದ ಅಡಿಯಲ್ಲಿರುವುದು ಅದೇ ಕಾರಣಕ್ಕೆ. ತಪ್ಪು ಮಾಡಿರಬಹುದಾದವರೇ ತಪ್ಪಿನ ವಿಚಾರಣೆ ನಡೆಸಬಾರದು ಎಂಬುದು ಇದರ ಹಿಂದಿನ ಸರಳ ನ್ಯಾಯ. ದೇವನಗೊಂದಿಯ ಹಳಿಗೆ ಈ ನ್ಯಾಯ ಅನ್ವಯಿಸುತ್ತದೆ. ಅದೇ ತಾಲ್ಲೂಕಿನ ಹೆದ್ದಾರಿಯಲ್ಲಿ ಅಪಘಾತವಾದರೆ ಪೊಲೀಸರು ಮೊಕದ್ದಮೆ ದಾಖಲಿಸುತ್ತಾರೆ. ರಸ್ತೆಯ ವಿನ್ಯಾಸದಲ್ಲೇ ದೋಷವಿತ್ತೇ ಎಂದು ಪ್ರತಿ ಭೀಕರ ಅಪಘಾತದ ನಂತರವೂ ಹೊರಗಿನಿಂದ ಬಂದು ನೋಡುವ ಅಂಥ ಆಯುಕ್ತರು ರಸ್ತೆಗಿಲ್ಲ.

ಗ್ಯಾಲನ್ನಿಗೆ ಎರಡಾಣೆ

ಮೋಟಾರು ವಾಹನಗಳು ಹೆಚ್ಚಿದಂತೆ ರಸ್ತೆ ಸ್ಥಳೀಯ ವಿಷಯವಾಗಿ ಉಳಿಯಲಿಲ್ಲ. 1927ರಲ್ಲಿ ಎಂ.ಆರ್. ಜಯಕರ್ ಅಧ್ಯಕ್ಷತೆಯಲ್ಲಿ ನೇಮಕವಾದ ಸಮಿತಿ, ದೇಶದ ಮುಖ್ಯ ರಸ್ತೆಗಳ ಹೊಣೆಯನ್ನು ಪ್ರಾಂತ್ಯಗಳು ಮತ್ತು ಸ್ಥಳೀಯ ಸಂಸ್ಥೆಗಳು ಮಾತ್ರ ಹೊರಲಾರವು ಎಂದಿತು. ಅದರ ಸಲಹೆಯಂತೆ 1929ರಲ್ಲಿ ಪೆಟ್ರೋಲ್ ಮೇಲೆ ಗ್ಯಾಲನ್ನಿಗೆ ಎರಡಾಣೆ ಹೆಚ್ಚುವರಿ ತೆರಿಗೆ ಹಾಕಿ ಕೇಂದ್ರ ರಸ್ತೆ ನಿಧಿ ಸ್ಥಾಪಿಸಲಾಯಿತು. ಇಂದು ಪೆಟ್ರೋಲ್, ಡೀಸೆಲ್ ಹಾಕಿಸುವಾಗ ನಾವು ತೆರುವ ರಸ್ತೆ ಸೆಸ್‌ನ ಮೂಲ ಅಲ್ಲಿದೆ.

1943ರಲ್ಲಿ ನಾಗಪುರದಲ್ಲಿ ಸೇರಿದ ಮುಖ್ಯ ಎಂಜಿನಿಯರುಗಳು ರಸ್ತೆಗಳನ್ನು ರಾಷ್ಟ್ರೀಯ, ಪ್ರಾಂತೀಯ, ಜಿಲ್ಲಾ ಮತ್ತು ಗ್ರಾಮ ರಸ್ತೆಗಳೆಂದು ವಿಂಗಡಿಸಿದರು. 1947ರ ಏಪ್ರಿಲ್ 1ರಿಂದ ರಾಷ್ಟ್ರೀಯ ಹೆದ್ದಾರಿಗಳ ಖರ್ಚನ್ನು ಭಾರತ ಸರ್ಕಾರ ವಹಿಸಿಕೊಂಡಿತು. ಮುಂದೆ ಸಂವಿಧಾನವೂ ಇದೇ ಹಂಚಿಕೆಯನ್ನು ಒಪ್ಪಿತು. ಏಳನೆಯ ಅನುಸೂಚಿಯ ಪ್ರಕಾರ ರಾಷ್ಟ್ರೀಯ ಹೆದ್ದಾರಿ ಕೇಂದ್ರ ಪಟ್ಟಿಯಲ್ಲಿದೆ, ಉಳಿದ ರಸ್ತೆಗಳು ರಾಜ್ಯ ಪಟ್ಟಿಯಲ್ಲಿವೆ, ಮೋಟಾರು ವಾಹನಗಳ ವಿಷಯ ಸಮವರ್ತಿ ಪಟ್ಟಿಯಲ್ಲಿದೆ. 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆ ಬಂದ ಮೇಲೆ ಮುಂಬೈ ಕಡೆಯಿಂದ ಪುಣೆ, ಬೆಂಗಳೂರು ಮಾರ್ಗವಾಗಿ ಮದ್ರಾಸಿಗೆ ಹೋಗುವ ರಸ್ತೆ ಹೆದ್ದಾರಿ 4 ಎನಿಸಿತು. ಹೊಸಕೋಟೆಯ ಪೇಟೆಯ ಪಕ್ಕದ ರಸ್ತೆ ಕಾನೂನಿನ ಪ್ರಕಾರ ಕೇಂದ್ರದ ಸ್ವತ್ತಾಯಿತು. 2010ರಲ್ಲಿ ಹೆದ್ದಾರಿಗಳ ಸಂಖ್ಯೆ ಬದಲಿಸಿದಾಗ ಈ ಭಾಗ 75 ಆಯಿತು, ಹಳೆಯ 207 ಈಗಿನ 648 ಆಯಿತು.

ಆದರೂ ಬಹುಕಾಲ ಹೆದ್ದಾರಿಯ ಕೆಲಸ ನಡೆಯುತ್ತಿದ್ದುದು ರಾಜ್ಯದ ಲೋಕೋಪಯೋಗಿ ಇಲಾಖೆಯ ಮೂಲಕ. ಹಣ ದೆಹಲಿಯದು, ಎಂಜಿನಿಯರ್ ನಮ್ಮವರು. 1988ರ ಕಾಯ್ದೆಯಂತೆ ರೂಪುಗೊಂಡು 1995ರಲ್ಲಿ ಕೆಲಸ ಆರಂಭಿಸಿದ ಭಾರತೀಯ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ ಈ ನಂಟನ್ನೂ ಸಡಿಲಗೊಳಿಸಿತು. ಹೆದ್ದಾರಿ ನಿರ್ಮಿಸಿ, ನಿರ್ವಹಿಸಿ, ಟೋಲ್ ವಸೂಲಿ ಮಾಡಿ ಅವಧಿ ಮುಗಿದ ಮೇಲೆ ಹಿಂದಿರುಗಿಸುವ ಕರಾರಿನ ಮೇಲೆ ಖಾಸಗಿಯವರೂ ಬಂದರು. ಹೊಸಕೋಟೆ–ಮುಳಬಾಗಿಲು ಭಾಗ ಅಗಲವಾದದ್ದು ಇಂಥ ಕರಾರಿನಲ್ಲಿಯೇ. ರಸ್ತೆ ಸುಧಾರಿಸಿತು, ಪ್ರಯಾಣದ ಸಮಯ ಉಳಿಯಿತು. ಮುಂಜಾನೆ ಬಿರಿಯಾನಿಗೆಂದೇ ಬೆಂಗಳೂರಿನಿಂದ ಹೊಸಕೋಟೆಗೆ ಕಾರು, ಬೈಕುಗಳ ಸಾಲು ಬರುವುದಕ್ಕೆ ಈ ರಸ್ತೆಯೂ ಕಾರಣ. ಆದರೆ ರಸ್ತೆಯ ಬಗ್ಗೆ ಉತ್ತರ ಹೇಳಬೇಕಾದವರ ಪಟ್ಟಿ ಉದ್ದವಾದಷ್ಟೂ ಉತ್ತರ ಸಿಗುವ ಜಾಗ ದೂರವಾಯಿತು.

ಕಾವಲುಗಾರರಿದ್ದಾರೆ

ಮೇಲ್ವಿಚಾರಣೆಯೇ ಇಲ್ಲ ಎನ್ನುವುದು ಸರಿಯಲ್ಲ. ಸಂಸತ್ತಿನಲ್ಲಿ 1993ರಿಂದ ಇಲಾಖಾವಾರು ಸ್ಥಾಯಿ ಸಮಿತಿಗಳಿವೆ. ಸಾರಿಗೆಗೆ ಸಂಬಂಧಿಸಿದ ಸಮಿತಿ ಹೆದ್ದಾರಿ ಸಚಿವಾಲಯದ ಬೇಡಿಕೆಗಳನ್ನು ಪರಿಶೀಲಿಸಿ ಅಧಿಕಾರಿಗಳನ್ನು ಕರೆಸಿ ಪ್ರಶ್ನಿಸುತ್ತದೆ. ಪ್ರಾಧಿಕಾರದ ಲೆಕ್ಕವನ್ನು ಮಹಾಲೇಖಪಾಲರು ತಪಾಸಣೆ ಮಾಡುತ್ತಾರೆ. ಅವರ ವರದಿ ಸಂಸತ್ತಿನ ಮುಂದೆ ಬರುತ್ತದೆ.

ಈ ಕಾವಲಿನ ಬಲವನ್ನು ತೋರಿಸಿದ್ದು ಭಾರತಮಾಲಾ ಮೊದಲ ಹಂತದ ಮೇಲಿನ 2023ರ ವರದಿ. ಕೇಂದ್ರ ಸಂಪುಟ ಸಮಿತಿ 2017ರಲ್ಲಿ 34,800 ಕಿಲೊಮೀಟರ್ ರಸ್ತೆಗೆ 5.35 ಲಕ್ಷ ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತ್ತು. 2023ರ ಮಾರ್ಚ್ ವೇಳೆಗೆ 26,316 ಕಿಲೊಮೀಟರಿಗೇ 8.46 ಲಕ್ಷ ಕೋಟಿ ರೂಪಾಯಿ ಮಂಜೂರಾಗಿತ್ತು. ಅಂದರೆ ಕಿಲೊಮೀಟರಿಗೆ 15.37 ಕೋಟಿ ಇದ್ದದ್ದು 32.17 ಕೋಟಿಗೆ ಏರಿತ್ತು. ಯೋಜನೆಗಳ ವ್ಯಾಪ್ತಿ, ಗುಣವಿವರ ಬದಲಾದದ್ದು ಇದಕ್ಕೆ ಕಾರಣವೆಂದು ವರದಿ ಹೇಳಿತು. ಕಾರಣ ಏನೇ ಇರಲಿ, ಮನೆ ಕಟ್ಟಲು ಅಂದಾಜು ಬರೆಸಿದ ಯಾವ ಸಂಸಾರಸ್ಥನಿಗೂ ಈ ಲೆಕ್ಕ ಅರ್ಥವಾಗುತ್ತದೆ. ಅಂದಾಜು ದುಪ್ಪಟ್ಟಾದಾಗ ಮತ್ತೆ ಯಾರ ಒಪ್ಪಿಗೆ ಪಡೆದಿರಿ ಎಂಬುದೇ ಪ್ರಶ್ನೆ.

ನ್ಯಾಯಾಲಯದ ಕಾವಲೂ ಇದೆ. 1997ರಲ್ಲಿ ಹೆದ್ದಾರಿ ಕಾಯ್ದೆಗೆ ಸೇರಿಸಿದ ಭೂಸ್ವಾಧೀನ ಕಲಮುಗಳ ಪ್ರಕಾರ, ಹೆದ್ದಾರಿಗೆ ಜಮೀನು ಕಳೆದುಕೊಂಡವರಿಗೆ ಬೇರೆ ಯೋಜನೆಗಳ ರೈತರಿಗೆ ಸಿಗುತ್ತಿದ್ದ ಸಾಂತ್ವನಧನ ಮತ್ತು ಬಡ್ಡಿ ಸಿಗುತ್ತಿರಲಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ತರ್ಸೇಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸಮಾನತೆಗೆ ವಿರುದ್ಧವೆಂದು ತೀರ್ಪು ನೀಡಿತು. ಆ ತಾರತಮ್ಯ ಸರಿಪಡಿಸಲು 22 ವರ್ಷ ಬೇಕಾಯಿತು.

ಇಪ್ಪತ್ತೊಂದು ದಿನ

ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್ ವೇಗೆ ಪ್ರಧಾನಿ ಶಂಕುಸ್ಥಾಪನೆ ಮಾಡಿದ್ದು 2022ರ ಮೇ 26ರಂದು, ಚೆನ್ನೈನಲ್ಲಿ. ಆಗ ಹೇಳಲಾದ ಉದ್ದ 262 ಕಿಲೊಮೀಟರ್, ವೆಚ್ಚ 14,870 ಕೋಟಿ ರೂಪಾಯಿ. ಹೊಸಕೋಟೆಯಿಂದ ಕೋಲಾರ ಜಿಲ್ಲೆಯವರೆಗಿನ ಕರ್ನಾಟಕದ ಭಾಗ 2024ರ ಡಿಸೆಂಬರ್‌ನಲ್ಲಿ ವಾಹನಗಳಿಗೆ ತೆರೆಯಿತು. ಈ ರಸ್ತೆಗೆ ಎಲ್ಲೆಂದರಲ್ಲಿ ಹತ್ತುವಂತಿಲ್ಲ. ನಿಗದಿತ ಸ್ಥಳಗಳಲ್ಲಿ ಮಾತ್ರ ಪ್ರವೇಶ. ದೂರ ಹೋಗುವವರಿಗೆ ಇದು ವರ. ಎರಡೂ ಬದಿಯಲ್ಲಿ ಹೊಲವಿರುವ ರೈತನಿಗೆ ಮಾತ್ರ ಅಂಡರ್‌ಪಾಸ್ ಎಲ್ಲಿ ಬರುತ್ತದೆ, ನೀರು ಹರಿಯುವ ರಾಜಕಾಲುವೆ ಏನಾಗುತ್ತದೆ ಎಂಬುದೇ ದೊಡ್ಡ ಪ್ರಶ್ನೆ.

ಇದನ್ನು ಕೇಳಲು ಕಾನೂನು ಕೊಡುವ ಅವಕಾಶ ಎಷ್ಟು? ಭೂಸ್ವಾಧೀನದ ಅಧಿಸೂಚನೆಯ ಸಾರ ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಪ್ರಕಟವಾಗಬೇಕು. ಅವುಗಳಲ್ಲಿ ಒಂದು ಪ್ರಾದೇಶಿಕ ಭಾಷೆಯದಾಗಿರಬೇಕು. ಅಧಿಸೂಚನೆ ಪ್ರಕಟವಾದ ದಿನದಿಂದ 21 ದಿನಗಳೊಳಗೆ ಆಕ್ಷೇಪಣೆ ಸಲ್ಲಿಸಬೇಕು. ಸಣ್ಣ ಅಕ್ಷರದ ಸರ್ವೆ ನಂಬರುಗಳ ಆ ಪಟ್ಟಿ ಕಣ್ಣು ತಪ್ಪಿದರೆ ಮುಂದಿನ ಮಾತು ಪರಿಹಾರದ್ದು ಮಾತ್ರ. ಪರಿಹಾರದ ಬಗ್ಗೆ ತಕರಾರಿದ್ದರೆ ಅದನ್ನು ತೀರ್ಮಾನಿಸುವ ಮಧ್ಯಸ್ಥಗಾರರನ್ನು ನೇಮಿಸುವುದೂ ಕೇಂದ್ರ ಸರ್ಕಾರವೇ.

ಉಳಿದ ದಾರಿಗಳೆಂದರೆ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ, ಇಲ್ಲವೇ ಸಂಸದರ ಮೂಲಕ ಸಂಸತ್ತಿನಲ್ಲಿ ಪ್ರಶ್ನೆ. ಹೊಸಕೋಟೆ ಸೇರಿರುವುದು ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರಕ್ಕೆ. ಎರಡೂ ಒಳ್ಳೆಯ ದಾರಿಗಳೇ. ಆದರೆ ಟೋಲ್ ಕಟ್ಟುವುದು ಹೊಸಕೋಟೆಯಲ್ಲಿ, ಅದರ ಲೆಕ್ಕ ಓದುವುದು ದೆಹಲಿಯಲ್ಲಿ.

ಪ್ರಜಾಪ್ರತಿನಿಧಿ ಸಭೆಯ ಕಾಲಕ್ಕೆ ಹೋಲಿಸಿದರೆ ಇಂದಿನ ಕಾವಲುಗಾರರ ಅಧಿಕಾರ ಎಷ್ಟೋ ಹೆಚ್ಚು. ಮಹಾಲೇಖಪಾಲರು, ಸಂಸದೀಯ ಸಮಿತಿ, ಸುಪ್ರೀಂ ಕೋರ್ಟ್ ರಂಗಾಚಾರ್ಲು ಅವರ ಕಾಲದ ರೈತನಿಗೆ ಇರಲಿಲ್ಲ. ಅವನಿಗಿದ್ದದ್ದು ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸುವವರ ಮುಖ ನೋಡುವ ಅವಕಾಶ ಮಾತ್ರ. ಹೆದ್ದಾರಿಯಲ್ಲಿ ಈ ವರ್ಷ ಸಂಗ್ರಹವಾದ ಟೋಲ್ ಎಷ್ಟು, ನಿರ್ವಹಣೆಗೆ ಆದ ಖರ್ಚು ಎಷ್ಟು, ಸತ್ತವರು ಎಷ್ಟು ಮಂದಿ, ಯಾವ ಜಾಗದಲ್ಲಿ, ಪರಿಹಾರ ಬಾಕಿ ಯಾರಿಗೆ ಎಂಬ ಐದು ಉತ್ತರಗಳನ್ನು ಪ್ರಾಧಿಕಾರದ ಅಧಿಕಾರಿಯೊಬ್ಬರು ವರ್ಷಕ್ಕೊಮ್ಮೆ ತಾಲ್ಲೂಕು ಕೇಂದ್ರದಲ್ಲಿ ಕನ್ನಡದಲ್ಲಿ ಓದಿ ಹೇಳುವುದಕ್ಕೆ ಹೊಸ ಆಯೋಗ ಬೇಕಿಲ್ಲ. ಒಂದು ಸಭಾಂಗಣ ಮತ್ತು ಒಂದು ಮಧ್ಯಾಹ್ನ ಸಾಕು.