ತಟ್ಟೆಯೊಳಗಿನ ಕಚ್ಚುಗಳು

ಕ್ರಾಫ್ಟ್ ಕ್ಲಾಸಿನಲ್ಲಿ ಮಕ್ಕಳು ಹಸಿಮಣ್ಣಿನ ತಟ್ಟೆ ಮೇಲೆ ಫೋರ್ಕ್ ಒತ್ತಿ ಡಿಸೈನ್ ಮಾಡ್ತಾರಲ್ಲ, ಅಂಥದ್ದೇ ಒಂದು ಡಿಸೈನನ್ನು ನಂಬಿ ಒಂದು ಕಾಲಕ್ಕೆ ನಮ್ಮ ನಾಡಿನ ವಯಸ್ಸನ್ನೇ ಎಣಿಸಿದ್ದರು.

1945ರಲ್ಲಿ ಪುದುಚೇರಿ ಹತ್ತಿರದ ಅರಿಕಮೇಡಿನಲ್ಲಿ ಮಾರ್ಟಿಮರ್ ವೀಲರ್ ಅಗೆಸಿದಾಗ ನುಣುಪಾದ ತಟ್ಟೆಗಳು ಸಿಕ್ಕವು. ಒಳಗಡೆ, ತಳದಲ್ಲಿ, ಸುತ್ತುಸುತ್ತಾಗಿ ಸಣ್ಣ ಸಣ್ಣ ಕಚ್ಚುಗಳು. ಜೊತೆಗೆ ಇಟಲಿಯ ಮಡಕೆ ಚೂರುಗಳೂ ಇದ್ದವು. ಸರಿ, ಈ ಕಲೆಯೂ ರೋಮಿನ ಕಡೆಯದ್ದೇ ಅಂದುಕೊಂಡರು. ಹಲ್ಲಿನ ಚಕ್ರ ಉರುಳಿಸಿ ಮಾಡಿದ್ದೆಂದು ‘ರೂಲೆಟೆಡ್ ವೇರ್’ ಅಂತ ಕರೆದರು.

1947ರಲ್ಲಿ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಚಂದ್ರವಳ್ಳಿಗೆ ಬಂದರು. ಅಲ್ಲೂ ಅದೇ ಕಚ್ಚಿನ ಚೂರುಗಳು! ಆ ಪದರಕ್ಕೆ ಕ್ರಿ.ಶ. 1ನೇ ಶತಮಾನ ಅಂತ ಗುರುತು ಹಾಕಿ, ಕೆಳಗಿನ ಪದರಗಳನ್ನು ಅಲ್ಲಿಂದ ಹಿಂದಕ್ಕೆ ಎಣಿಸಿದರು. ಬೃಹತ್‌ಶಿಲಾ ಸಮಾಧಿಗಳಿಗೆ ಸಿಕ್ಕಿದ್ದು ಕ್ರಿ.ಪೂ. 200 ಅಷ್ಟೇ. ಆಮೇಲೆ ರೇಡಿಯೋಕಾರ್ಬನ್ ಬಂದು ಆ ಲೆಕ್ಕವನ್ನು ನೂರಾರು ವರ್ಷ ಹಿಂದಕ್ಕೆ ತಳ್ಳಿತು.

ಮಣ್ಣನ್ನು ಪರೀಕ್ಷಿಸಿದಾಗ ತಟ್ಟೆಗಳೂ ಭಾರತದವೇ ಅಂತ ಗೊತ್ತಾಯ್ತು. ಹಲ್ಲಿನ ಚಕ್ರದ ಮೇಲೂ ಅನುಮಾನ ಬಂತು. ಅರೆ ಒಣಗಿದ ತಟ್ಟೆ ತಿರುಗುವಾಗ ತೆಳು ಪಟ್ಟಿಯೊಂದನ್ನು ತಾಗಿಸಿ ಹಿಡಿದರೆ ಅದು ಗಡಗಡ ನಡುಗಿ ತಾನಾಗಿಯೇ ಕಚ್ಚು ಬೀಳಿಸುತ್ತೆ. ನನಗೆ ಇದೇ ಸರಿ ಅನ್ನಿಸುತ್ತೆ.

ಹೊರಗಿಂದ ಬಂದದ್ದು ಅಂದುಕೊಂಡ ಈ ತಟ್ಟೆಗಳ ಚೂರು ಈಜಿಪ್ಟಿನ ಬೆರೆನಿಕೆಯಲ್ಲೂ ಬಾಲಿಯ ಸೆಂಬಿರಾನಿನಲ್ಲೂ ಸಿಕ್ಕಿವೆ. ಇಲ್ಲಿಂದ ಹೋದದ್ದು.