ಅಸ್ತ್ರ

ವಿಜ್ಞಾನ, ತಂತ್ರಜ್ಞಾನಗಳನ್ನು ಗ್ರಾಮದ ಬಡಜನರ ನಿತ್ಯಾವಶ್ಯಕತೆಗಳಿಗೆ ಅನ್ವಯಿಸುವ ಉದ್ದೇಶದಿಂದ, ವಿದ್ಯುದ್ರಸಾಯನಶಾಸ್ತ್ರಜ್ಞ ಅಮೂಲ್ಯ ಕುಮಾರ ಎನ್. ರೆಡ್ಡಿಯವರ (1930–2006) ಪ್ರೇರಣೆಯಿಂದ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಸ್ಥಾಪಿತವಾದ ಘಟಕ. ಇದರ ವಿಸ್ತರಣ ಕೇಂದ್ರವು ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿದ್ದಿತು. ಸೌದೆಯನ್ನು ಉಳಿಸಿ, ಹೊಗೆಯನ್ನು ಕೊಳವೆಯ ಮೂಲಕ ಮನೆಯಿಂದಾಚೆಗೆ ಸಾಗಿಸುವ, ಮೂರು ಪಾತ್ರೆಗಳ ‘ಅಸ್ತ್ರ ಒಲೆ’ಯೇ ಜನರಲ್ಲಿ ಇದರ ಹೆಸರನ್ನು ಹರಡಿತು, ಅಳತೆ ತಪ್ಪದಂತೆ ಕಟ್ಟಬಲ್ಲ ಕುಶಲಕರ್ಮಿಯಿಲ್ಲದೆಡೆ ಆ ಒಲೆಯ ಗುಣವೂ ಕುಂದುತ್ತಿದ್ದಿತೆಂಬುದನ್ನು ಮರೆಯಲಾಗದು.

ಆದರೆ ವಿಚಾರಶೀಲರಿಗೆ ಒಲೆಗಿಂತಲೂ ಬೋಧಪ್ರದವಾದುದು ಅದೇ ಸೀಮೆಯ ಪುರ ಗ್ರಾಮದ ಪ್ರಯೋಗ. ಸಗಣಿಯಿಂದ ಉತ್ಪನ್ನವಾದ ಅನಿಲವನ್ನು ಮನೆಮನೆಯ ಅಡುಗೆಗೆ ಒದಗಿಸಬೇಕೆಂಬ ಮೊದಲ ಸಂಕಲ್ಪವು, ಸಂಗ್ರಹವಾದ ಸಗಣಿ ಸಾಲದೆ ಹೋದುದರಿಂದ, ವಿಫಲವಾಯಿತು. ಊರವರಿಗೆ ಮೊದಲು ಬೇಕಾಗಿದ್ದುದು ಅನಿಲವಲ್ಲ, ಶುದ್ಧವಾದ ನೀರು. ಪಂಡಿತರು ಇದನ್ನು ಅವರಿಂದಲೇ ಕಲಿಯಬೇಕಾಯಿತು. 1987ರಿಂದ ಆ ಅನಿಲವನ್ನು ಡೀಸೆಲ್ಲಿನೊಡನೆ ಎಂಜಿನ್ನಿನಲ್ಲಿ ಉರಿಸಿ, ಉತ್ಪನ್ನವಾದ ವಿದ್ಯುತ್ತಿನಿಂದ ಕೊಳವೆಬಾವಿಯ ನೀರನ್ನೆತ್ತಿ ಬೀದಿಯ ನಲ್ಲಿಗಳಿಗೆ ಹರಿಸಲಾಯಿತು. ಮನೆಗಳಿಗೆ ದೀಪಗಳೂ ಬಂದವು. ಸಗಣಿ ತಂದವರಿಗೆ ತೂಕಕ್ಕೆ ತಕ್ಕ ಹಣ ದೊರೆಯುತ್ತಿದ್ದಿತು, ಅನಿಲ ಹೊರಟ ಬಳಿಕ ಉಳಿದ ರಾಡಿಯು ಗೊಬ್ಬರವಾಗಿ ಅವರಿಗೇ ಮರಳುತ್ತಿದ್ದಿತು. ವ್ಯವಸ್ಥೆಯ ನಿರ್ವಹಣೆಯಲ್ಲಿ ಗ್ರಾಮಸ್ಥರೇ ಪಾಲ್ಗೊಂಡರು. ಅಸ್ತ್ರವು ಈಗ ಅದೇ ಸಂಸ್ಥೆಯಲ್ಲಿ ಸುಸ್ಥಿರ ತಂತ್ರಜ್ಞಾನ ಕೇಂದ್ರವೆಂಬ ಹೆಸರಿನಿಂದ ಮುಂದುವರಿದಿದೆ.